ಬ್ಯಾಂಕಾಕ್ ರಾತ್ರಿಗೆ ಖಾವ್ ಸಾನ್, ಥಾಂಗ್ ಲೋ, ಯಾವರಾತ್: ನನ್ನ ಓಟು ಯಾವರಾತ್‌ಗೆ

ಮೊದಲೇ ಹೇಳಿಬಿಡುತ್ತೇನೆ. ಬ್ಯಾಂಕಾಕ್‌ಗೆ ಇನ್ನೊಂದು ಸಲ ಹೋದರೆ ನಾನು ರೂಮು ಮಾಡುವುದು ಚೈನಾಟೌನ್‌ನಲ್ಲೇ, ಯಾವರಾತ್ ರಸ್ತೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ. ಕಳೆದ ಡಿಸೆಂಬರ್‌ನಲ್ಲಿ ನಾನು ಮತ್ತು ಅಕ್ಕ ಏಳು ರಾತ್ರಿ ಅಲ್ಲಿದ್ದೆವು. ಮೊದಲ ನಾಲ್ಕು ಖಾವ್ ಸಾನ್ ಪಕ್ಕದ ಗಲ್ಲಿಯಲ್ಲಿ, ಕೊನೆಯ ಮೂರು ಯಾವರಾತ್ ಹಿಂದೆ. ಖಾವ್ ಸಾನ್ ರೂಮಿಗೆ ಪೂರ್ತಿ ದುಡ್ಡು ಮುಂಗಡ ಕಟ್ಟಿದ್ದೆ, ವಾಪಸ್ ಸಿಗುವ ಹಾಗಿರಲಿಲ್ಲ. ಇಲ್ಲದಿದ್ದರೆ ಎರಡನೇ ಬೆಳಿಗ್ಗೆಯೇ ಗಂಟುಮೂಟೆ ಕಟ್ಟುತ್ತಿದ್ದೆವು.

ನಮ್ಮ ಅಭ್ಯಾಸವನ್ನೂ ಹೇಳಬೇಕು. ನಾನು ಒಂದೆರಡು ಬಿಯರ್ ಕುಡಿಯುವವನು. ಅಕ್ಕ ಕುಡಿಯುವುದಿಲ್ಲ, ಮಾಂಸ ಮೀನು ಮುಟ್ಟುವುದಿಲ್ಲ. ಇಬ್ಬರಿಗೂ ಸಂಗೀತ ಇಷ್ಟ, ಬೀದಿ ಸುತ್ತುವುದು ಇನ್ನೂ ಇಷ್ಟ. ರಾತ್ರಿ ಒಂದು ಗಂಟೆಯೊಳಗೆ ಮಲಗಬೇಕು. ಬೆಳಗಿನ ತನಕ ಕುಣಿಯುವವರಿಗೆ ನನ್ನ ಲೆಕ್ಕ ಹೊಂದಲಿಕ್ಕಿಲ್ಲ.

ಖಾವ್ ಸಾನ್ ಅಂದರೆ ಥಾಯ್ ಭಾಷೆಯಲ್ಲಿ ಅಕ್ಕಿ. ಹಿಂದೆ ಇದು ಅಕ್ಕಿ ವ್ಯಾಪಾರದ ಬೀದಿ. ಈಗ ಬೆನ್ನಿಗೆ ಬ್ಯಾಗು ಹಾಕಿಕೊಂಡು ದೇಶ ಸುತ್ತುವವರ ಬೀದಿ. ಇಪ್ಪತ್ತೆರಡರ ವಯಸ್ಸಿನಲ್ಲಿ ಒಬ್ಬನೇ ಹೋಗಿದ್ದರೆ ನನಗೂ ಖುಷಿಯಾಗುತ್ತಿತ್ತು. ಸಂಜೆ ಏಳರವರೆಗೆ ಚೆನ್ನಾಗೇ ಇರುತ್ತದೆ. ಆಮೇಲೆ ಎದುರುಬದುರು ಬಾರ್‌ಗಳು ಸ್ಪೀಕರ್ ಹಚ್ಚಿ ಒಂದಕ್ಕೊಂದು ಪೈಪೋಟಿಗೆ ಬೀಳುತ್ತವೆ. ಎರಡು ಹಾಡು ಒಟ್ಟಿಗೆ ಕಿವಿಗೆ ಬಿದ್ದರೆ ಯಾವುದೂ ಹಾಡಾಗಿ ಉಳಿಯುವುದಿಲ್ಲ. ಕಡ್ಡಿಗೆ ಚುಚ್ಚಿದ ಚೇಳು ಮಾರುವವರು ಬರೀ ಫೋಟೊ ತೆಗೆದರೂ ಕಾಸು ಕೇಳುತ್ತಾರೆ. ಪಕ್ಕದ ರಂಬುತ್ರಿ ಗಲ್ಲಿ ಎಷ್ಟೋ ವಾಸಿ. ಮರಗಳಿವೆ, ಒಬ್ಬನೇ ಕೂತು ಗಿಟಾರ್ ನುಡಿಸುವವರು ಸಿಗುತ್ತಾರೆ. ನಾವು ಆ ಏರಿಯಾದಲ್ಲಿ ಕುಳಿತಿದ್ದೆಲ್ಲ ಅಲ್ಲೇ.

ಆದರೆ ನನ್ನ ದೂರು ಗದ್ದಲದ ಮೇಲಲ್ಲ. ವಾಪಸ್ ಬರುವ ದಾರಿಯ ಮೇಲೆ.

ಖಾವ್ ಸಾನ್ ಇರುವುದು ಹಳೇ ಊರಿನಲ್ಲಿ. ಹತ್ತಿರದಲ್ಲಿ ರೈಲು ಸ್ಟೇಷನ್ ಇಲ್ಲ. ಬ್ಯಾಂಕಾಕ್ ಮೆಟ್ರೊದ ಪರ್ಪಲ್ ಲೈನ್ ಸುರಂಗದ ಕೆಲಸ ಆ ಕಡೆ ನಡೆಯುತ್ತಿದೆ, ಅಷ್ಟೇ. ಹಗಲು ಫ್ರಾ ಅಥಿತ್ ಕಟ್ಟೆಯಿಂದ ದೋಣಿ ಹಿಡಿಯಬಹುದು, ಅದು ನಿಜಕ್ಕೂ ಸೊಗಸು. ರಾತ್ರಿ ಅದೂ ಇಲ್ಲ. 2023ರ ಡಿಸೆಂಬರ್‌ನಿಂದ ಬ್ಯಾಂಕಾಕ್‌ನಲ್ಲಿ ಪರವಾನಗಿ ಇರುವ ಮನರಂಜನೆಯ ಜಾಗಗಳು ಬೆಳಗಿನ ಜಾವ ನಾಲ್ಕರವರೆಗೂ ತೆರೆದಿರಬಹುದು. ರೈಲು ಮಾತ್ರ ರಾತ್ರಿ ಹನ್ನೆರಡರ ಆಸುಪಾಸಿಗೇ ನಿಲ್ಲುತ್ತದೆ. ಈ ನಡುವಿನ ಹೊತ್ತಿನಲ್ಲಿ ನೀವು ಟ್ಯಾಕ್ಸಿಯವರ ಕೈಯಲ್ಲಿ.

ಎರಡನೇ ರಾತ್ರಿ ಊರಿನ ಇನ್ನೊಂದು ಕಡೆಯ ಬಾರ್ ರಸ್ತೆ ಥಾಂಗ್ ಲೋಗೆ ಹೋಗಿದ್ದೆವು. ಹೋಗುವಾಗ ಮೀಟರ್ ಹಾಕಿದರು. 35 ಬಾತ್‌ನಿಂದ ಶುರುವಾಗಿ 160ಕ್ಕೆ ನಿಂತಿತು. ಹೊರಡುವಾಗ ಹನ್ನೆರಡೂ ಮುಕ್ಕಾಲು. ಮೊದಲ ಟ್ಯಾಕ್ಸಿ ನಿಂತಿತು, ಖಾವ್ ಸಾನ್ ಅಂದೆ. ಚಾಲಕ ಮೀಟರ್ ಕಡೆ ನೋಡಲೇ ಇಲ್ಲ. ಐದು ಬೆರಳು ಎತ್ತಿದ. ಐನೂರು. ಎರಡನೆಯವನು ಹೆಸರು ಕೇಳುತ್ತಲೇ ಗಾಜು ಏರಿಸಿದ. ಮೂರನೆಯವನು ನಾನೂರಕ್ಕೆ ಇಳಿದ, ಅಲ್ಲಿಂದ ಕೆಳಗೆ ಬರಲಿಲ್ಲ. ಆ್ಯಪ್‌ನಲ್ಲಿ ಬುಕ್ ಮಾಡಿದೆ. ಕಾರು ಭೂಪಟದಲ್ಲಿ ಎಂಟು ನಿಮಿಷ ಒಂದೇ ಕಡೆ ನಿಂತಿತ್ತು, ಆಮೇಲೆ ಕ್ಯಾನ್ಸಲ್ ಆಯಿತು. ಅಕ್ಕ ಫುಟ್‌ಪಾತ್ ಅಂಚಿನಲ್ಲಿ ಚಪ್ಪಲಿ ಬಿಚ್ಚಿ ಕೂತುಬಿಟ್ಟಳು. "ನೂರು ಇನ್ನೂರಕ್ಕೆ ಚೌಕಾಸಿ ಬೇಡ ಕಣೋ, ಮನೆ ಸೇರಿದರೆ ಸಾಕು" ಅಂದಳು. ನನಗೆ ನೋವಾಗಿದ್ದು ದುಡ್ಡಿಗಲ್ಲ. ಅವಳನ್ನು ರಾತ್ರಿ ತಿರುಗಾಡಲು ಕರೆದುಕೊಂಡು ಬಂದು ಹೀಗೆ ಬೀದಿಯಲ್ಲಿ ಕೂರಿಸಿದೆನಲ್ಲ ಅಂತ.

ಕೊನೆಗೆ ವಯಸ್ಸಾದವರೊಬ್ಬರು ನಿಲ್ಲಿಸಿದರು. ಸುಮ್ನೆ ಮೀಟರ್ ಒತ್ತಿದರು, ಮಾತೇ ಇಲ್ಲ. ಬಿಲ್ಲು 130 ಚಿಲ್ಲರೆ. ಇನ್ನೂರು ಕೊಟ್ಟು ಚಿಲ್ಲರೆ ಬೇಡ ಅಂದೆ. ಆದರೆ ಜನ ತುಂಬಿದ ಆ ಬೀದಿಯೊಳಗೆ ಕಾರು ಹೋಗುವ ಹಾಗಿರಲಿಲ್ಲ. ತುದಿಯಲ್ಲಿ ಇಳಿದು, ನೂಕುನುಗ್ಗಲಿನಲ್ಲಿ ಅಕ್ಕನ ಕೈ ಹಿಡಿದು ರೂಮು ಮುಟ್ಟುವಾಗ ಎರಡು ಗಂಟೆಗೆ ಹತ್ತು ನಿಮಿಷ ಬಾಕಿ. ಕಿಟಕಿ ಗಾಜು ಇನ್ನೂ ಬೇಸ್ ಸದ್ದಿಗೆ ಅದುರುತ್ತಿತ್ತು. ಖಾವ್ ಸಾನ್‌ನ ಉಳಿದೆರಡು ರಾತ್ರಿ ನಾವು ಎಲ್ಲಿಗೂ ಹೋಗಲಿಲ್ಲ. ದೂರ ಹೋದರೆ ವಾಪಸ್ ಹೇಗೆ ಅನ್ನುವುದೇ ತಲೆಯಲ್ಲಿ.

ಥಾಂಗ್ ಲೋ ಕೆಟ್ಟ ಜಾಗವೇನಲ್ಲ. ಸುಖುಮ್‌ವಿತ್ 55ನೇ ಸೋಯ್, ಅಂದರೆ ಅಡ್ಡರಸ್ತೆ. ಊರಿನ ಕಾಸಿರುವ ಯುವಕರು ಅಲ್ಲಿಗೆ ಬರುತ್ತಾರೆ. ಸ್ಕೈಟ್ರೇನ್ ಸ್ಟೇಷನ್ ರಸ್ತೆಯ ಬಾಯಲ್ಲೇ ಇದೆ, ಆದರೆ ರಸ್ತೆ ಉದ್ದ, ಒಳಗಿನ ಬಾರ್‌ಗಳಿಗೆ ಜಾಸ್ತಿ ನಡೆಯಬೇಕು. ಪಾನೀಯಗಳು ಚೆನ್ನಾಗಿದ್ದವು. ಮೆನುವಿನಲ್ಲಿ 380 ಬಾತ್ ಅಂತಿದ್ದ ಕಾಕ್‌ಟೇಲ್ ಪಕ್ಕ ಎರಡು ಪ್ಲಸ್ ಗುರುತು ಇರುತ್ತದೆ, ನೋಡಿಕೊಳ್ಳಿ. ಒಂದು 10% ಸೇವಾ ಶುಲ್ಕ, ಇನ್ನೊಂದು 7% ತೆರಿಗೆ. ಅಕ್ಕನ ನಿಂಬೆ ಸೋಡಾಕ್ಕೂ ಅದೇ ಲೆಕ್ಕ. ಒಂದು ಬಾತ್‌ಗೆ ನಮ್ಮ ಎರಡೂವರೆ ರೂಪಾಯಿಗಿಂತ ಮೇಲೆ ಅಂತ ಗುಣಿಸುತ್ತಾ ಕೂತರೆ ಸಂಗೀತ ಕಿವಿಗೆ ಹೋಗುವುದಿಲ್ಲ.

ಆರ್‌ಸಿಎ (ರಾಯಲ್ ಸಿಟಿ ಅವೆನ್ಯೂ): ದೊಡ್ಡ ಕ್ಲಬ್‌ಗಳ ರಸ್ತೆ, ಥಾಯ್ ಕಾಲೇಜು ಹುಡುಗರ ಮೆಚ್ಚಿನ ಜಾಗ. ಪಾಸ್‌ಪೋರ್ಟ್ ಇಟ್ಟುಕೊಂಡು ಹೋಗಿ, ಇಪ್ಪತ್ತು ತುಂಬದವರಿಗೆ ಪ್ರವೇಶವಿಲ್ಲ. ನಾವು ಹೊರಗಿನಿಂದ ನೋಡಿ ಬಂದೆವು.

ಪ್ಯಾಟ್‌ಪಾಂಗ್: ರಾತ್ರಿ ಸಂತೆಯೂ ಕೆಂಪು ದೀಪದ ಬಾರ್‌ಗಳೂ ಇರುವ ಬೀದಿ. ಸಂತೆ ನೋಡಬಹುದು. ಮಹಡಿ ಮೇಲೆ ಬನ್ನಿ ಅಂತ ಚೀಟಿ ಹಿಡಿದು ಕರೆಯುವವರ ಹಿಂದೆ ಹೋಗಬೇಡಿ.

ಬರೀ ಲೈವ್ ಸಂಗೀತ ಸಾಕು ಅನ್ನುವವರಿಗೆ ವಿಕ್ಟರಿ ಮಾನ್ಯುಮೆಂಟ್ ಹತ್ತಿರದ ಸ್ಯಾಕ್ಸೊಫೋನ್ ಪಬ್ ಇದೆ. 1987ರಿಂದ ಜಾಜ್, ಬ್ಲೂಸ್ ನುಡಿಸುತ್ತಿದ್ದಾರೆ.

ಇನ್ನು ಯಾವರಾತ್. 2019ರಲ್ಲಿ ಇಲ್ಲಿಗೆ ಸುರಂಗ ರೈಲು ಬಂತು. ವಾತ್ ಮಾಂಗ್‌ಕೋನ್ ಸ್ಟೇಷನ್‌ನಿಂದ ಮೇಲೆ ಬಂದು ಐದು ನಿಮಿಷ ನಡೆದರೆ ಕೆಂಪು ಹಳದಿ ನಿಯಾನ್ ಬೋರ್ಡುಗಳ ಕೆಳಗಿರುತ್ತೀರಿ. ಕತ್ತಲಾಗುತ್ತಲೇ ಗಾಡಿಗಳು ರಸ್ತೆ ಅಂಚಿಗೆ ಬರುತ್ತವೆ. ದೊಡ್ಡ ಬಾಣಲೆಯಲ್ಲಿ ಕರಿ ಹರಳಿನ ಜೊತೆ ಚೆಸ್ಟ್‌ನಟ್ ಹುರಿಯುತ್ತಿರುತ್ತಾರೆ. ಮಂಜುಗಡ್ಡೆ ಮೇಲೆ ದಾಳಿಂಬೆ ರಸದ ಬಾಟಲಿಗಳ ಸಾಲು. ನಾನು ಮೆಣಸು ಖಾರದ ಸುರುಳಿ ನೂಡಲ್ಸ್ ತಿಂದೆ, ಹಂದಿ ಮಾಂಸ ಹಾಕಿದ್ದು.

ಅಕ್ಕನಿಗೆ ಊಟದ್ದೇ ಕಷ್ಟ ಅಂದುಕೊಂಡಿದ್ದೆ. ಥಾಯ್ ಅಡುಗೆಯಲ್ಲಿ ಮೀನಿನ ಸಾಸ್ ಎಲ್ಲಿಂದಲಾದರೂ ನುಸುಳುತ್ತದೆ, ಅಲ್ವಾ? ಅಲ್ಲಿ "ಜೇ" ಅನ್ನುವ ಒಂದು ಮಾತಿದೆ. ಹಳದಿ ಬಾವುಟದ ಮೇಲೆ ಕೆಂಪಕ್ಷರ. ಮಾಂಸ, ಮೀನು ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಆ ಬಾವುಟ ಕಂಡಲ್ಲಿ ಅವಳು ನಿಶ್ಚಿಂತೆಯಿಂದ ಉಂಡಳು. ಬಾವುಟ ಸಿಗದ ರಾತ್ರಿ ಹತ್ತಿರದ ಭಾರತೀಯರ ಪೇಟೆ ಪಹುರಾತ್‌ಗೆ ನಡೆದೆವು. ಗುರುದ್ವಾರ, ಬಟ್ಟೆ ಅಂಗಡಿಗಳ ನಡುವೆ ಬಿಸಿ ರೊಟ್ಟಿ, ದಾಲ್.

ಅಕ್ಕನಿಗೆ ಮರೆಯಲಾಗದ್ದು ಶುಂಠಿ ನೀರಿನ ಉಂಡೆ. ಬಿಸಿ ಬಿಸಿ ಖಾರದ ಶುಂಠಿ ಕಷಾಯ, ಅದರಲ್ಲಿ ತೇಲುವ ಮೆತ್ತನೆ ಅಕ್ಕಿ ಹಿಟ್ಟಿನ ಉಂಡೆ, ಒಳಗೆ ಕರಿ ಎಳ್ಳಿನ ಹೂರಣ. ಮೊದಲನೆಯದನ್ನು ಕಚ್ಚಿದ ಕೂಡಲೇ "ಇದು ನಮ್ಮಜ್ಜಿ ಮಾಡುತ್ತಿದ್ದ ಎಳ್ಳಿನ ಕಡುಬು ಕಣೋ" ಅಂದಳು. ಮೂರು ರಾತ್ರಿಯೂ ಅದು ಬೇಕೇ ಬೇಕಾಯಿತು.

ಅಲ್ಲಿಂದ ಸೋಯ್ ನಾನಾ ಗಲ್ಲಿಗೆ. ಹಳೇ ಅಂಗಡಿ ಮನೆಗಳನ್ನೇ ಪುಟ್ಟ ಬಾರ್ ಮಾಡಿದ್ದಾರೆ. ತೇಪ್ ಬಾರ್‌ನಲ್ಲಿ ಥಾಯ್ ವಾದ್ಯ ನುಡಿಸುತ್ತಾರೆ. ದೋಣಿಯಂಥ ಪೆಟ್ಟಿಗೆಯ ಮೇಲೆ ಮರದ ಪಟ್ಟಿ ಜೋಡಿಸಿದ ರಾನಾತ್, ನಮ್ಮ ಕಾಷ್ಠತರಂಗದ ಬಂಧುವಿನ ಹಾಗೆ. ಎರಡು ಮೊಳ ದೂರದಲ್ಲಿ ಕೂತು ಕೇಳಿದೆವು. ಕೋಲು ಬಿದ್ದ ಪಟ್ಟಿ ನಡುಗುವುದು ಕಾಣುತ್ತಿತ್ತು. ಬಿಯರ್ ಬಿಸಿಯಾಗಿದ್ದೇ ನನಗೆ ಗೊತ್ತಾಗಲಿಲ್ಲ.

ಒಂದು ಎಚ್ಚರ. ಬ್ಯಾಂಕಾಕ್‌ನಲ್ಲಿ ನಾನಾ ಎರಡಿವೆ. ಬರೀ "ನಾನಾ" ಅಂದರೆ ಟ್ಯಾಕ್ಸಿಯವರು ಸುಖುಮ್‌ವಿತ್‌ನ ನಾನಾಕ್ಕೆ ಒಯ್ಯುತ್ತಾರೆ. ಅದು ಕೆಂಪು ದೀಪದ ಬಾರ್‌ಗಳ ಜಾಗ. ನೀವು "ವಾತ್ ಮಾಂಗ್‌ಕೋನ್" ಅನ್ನಿ.

ಆ ಮೂರು ರಾತ್ರಿ ಇಬ್ಬರಿಗೂ ಸೇರಿ ಊಟ, ಬಿಯರ್, ಸಂಗೀತ ಎಲ್ಲ ದಿನಕ್ಕೆ ಸಾವಿರ ಬಾತ್ ಒಳಗೇ ಮುಗಿಯಿತು. ರೂಮಿಗೆ ದಿನಕ್ಕೆ ಮುನ್ನೂರು ಬಾತ್ ಜಾಸ್ತಿ ಕೊಟ್ಟೆ ನಿಜ. ಟ್ಯಾಕ್ಸಿ ಖರ್ಚು ಸೊನ್ನೆ. ಹನ್ನೆರಡೂವರೆಗೆ ಚೆಸ್ಟ್‌ನಟ್ ಪೊಟ್ಟಣ ಹಿಡಿದು, ಸಿಪ್ಪೆ ಬಿಡಿಸುತ್ತಾ, ಮುಚ್ಚಿದ ಅಂಗಡಿಗಳ ಮುಂದೆ ನಡೆದು ರೂಮು ಸೇರುತ್ತಿದ್ದೆವು. ನೀವು ಹೋಗುವುದಾದರೆ ಸೋಮವಾರ ಮಾತ್ರ ಬಿಟ್ಟುಬಿಡಿ. ಅವತ್ತು ಬೀದಿ ಗಾಡಿಗಳಲ್ಲಿ ಬಹಳಷ್ಟು ಬಂದ್ ಇರುತ್ತವೆ.