ರಾಮೇಶ್ವರ: ಒಂದು ರಾತ್ರಿ ಉಳಿದವರಿಗೆ ದಕ್ಕುವ ಕ್ಷೇತ್ರ

ಬೆಳಿಗ್ಗೆ ಮದುರೈ ಬಿಟ್ಟು, ರಾಮೇಶ್ವರ ಮುಗಿಸಿ, ಸಂಜೆಗೆ ಕನ್ಯಾಕುಮಾರಿ ದಾರಿ ಹಿಡಿಯುವ ಪ್ಯಾಕೇಜ್ ಪ್ರವಾಸಗಳು ನಮ್ಮ ಕಡೆಯಿಂದ ಬಹಳ ಹೋಗುತ್ತವೆ. ಹಾಗೆ ಹೋಗಿ ಬಂದವರ ಬಾಯಲ್ಲಿ ಸಾಮಾನ್ಯವಾಗಿ ಕೇಳುವುದು ಮೂರೇ ಮಾತು: ರಶ್ಶು, ಒದ್ದೆ, ಅವಸರ. ಲೆಕ್ಕ ಹಾಕಿ ನೋಡಿದರೆ ಕಾರಣ ತಾನಾಗಿ ಗೊತ್ತಾಗುತ್ತದೆ. ಮದುರೈಯಿಂದ ಸುಮಾರು 170 ಕಿ.ಮೀ. ದಾರಿ, ಏಳಕ್ಕೆ ಹೊರಟರೂ ತಲುಪುವಾಗ ಹತ್ತೂವರೆ, ಹನ್ನೊಂದು. ರಾಮನಾಥಸ್ವಾಮಿ ದೇವಸ್ಥಾನ ಮಧ್ಯಾಹ್ನ 1ಕ್ಕೆ ಮುಚ್ಚಿ 3ಕ್ಕೆ ತೆರೆಯುತ್ತದೆ. ಸಮುದ್ರ ಸ್ನಾನ, ಗುಡಿಯೊಳಗಿನ 22 ತೀರ್ಥಗಳ ಸ್ನಾನ, ಬಟ್ಟೆ ಬದಲಾಯಿಸುವುದು, ದರ್ಶನದ ಕ್ಯೂ ಇಷ್ಟೂ ಎರಡು ಗಂಟೆಯೊಳಗೆ ಹಿಡಿಸುವುದಿಲ್ಲ. ಪ್ಯಾಕೇಜಿನವರು ಇದರಲ್ಲಿ ಯಾವುದಾದರೂ ಒಂದನ್ನು ಕೈಬಿಡುತ್ತಾರೆ, ಹೆಚ್ಚಾಗಿ ತೀರ್ಥ ಸ್ನಾನವನ್ನೇ. ರಾಮೇಶ್ವರದಲ್ಲಿ ಅದನ್ನು ಬಿಟ್ಟು ಬರುವುದೆಂದರೆ ಅರ್ಧ ಯಾತ್ರೆಯನ್ನೇ ಬಿಟ್ಟು ಬಂದಂತೆ.

ಹಾಗಾಗಿ ಹಿಂದಿನ ದಿನ ಸಂಜೆಯೊಳಗೆ ದ್ವೀಪ ಸೇರಿಕೊಳ್ಳಿ. ಗುಡಿಯಿಂದ ಐದು ನಿಮಿಷದ ನಡಿಗೆಯಲ್ಲಿ ಕೋಣೆ ಹಿಡಿಯಿರಿ. ಒದ್ದೆ ಬಟ್ಟೆಯಲ್ಲಿ ವಾಪಸ್ ಬರಬೇಕಾಗುವುದರಿಂದ ಈ ಅಂತರ ಬಹಳ ಮುಖ್ಯ. ಅಗ್ಗವೆಂದು ಬಸ್ ನಿಲ್ದಾಣದ ಪಕ್ಕ ಉಳಿದವರು ಪ್ರತಿ ಸಲವೂ ಆಟೋ ಹುಡುಕಬೇಕಾಗುತ್ತದೆ.

ಬರುವುದು ರೈಲಿನಲ್ಲಾದರೆ ಇನ್ನೂ ಒಳ್ಳೆಯದು. ದ್ವೀಪವನ್ನು ನೆಲಕ್ಕೆ ಜೋಡಿಸುವ 1914ರ ಹಳೆಯ ಪಾಂಬನ್ ಸೇತುವೆಯ ಮೇಲೆ 2022ರ ಡಿಸೆಂಬರ್‌ನಲ್ಲಿ ರೈಲು ಸಂಚಾರ ನಿಂತುಹೋಗಿತ್ತು. ಪಕ್ಕದಲ್ಲೇ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್ 6ರಂದು ಉದ್ಘಾಟನೆಯಾದ ಮೇಲೆ ರೈಲು ಮತ್ತೆ ದ್ವೀಪದವರೆಗೂ ಬರುತ್ತಿದೆ. ಹಡಗಿಗೆ ದಾರಿ ಬಿಡಲು ಅದರ 72.5 ಮೀಟರ್ ಉದ್ದದ ತುಂಡೊಂದು ನೆಟ್ಟಗೆ ಮೇಲೇಳುತ್ತದೆ. ಕಾರಿನಲ್ಲಿ ಬರುವವರು ರಸ್ತೆ ಸೇತುವೆಯ ಮೇಲೆ ಫೋಟೋಗೆಂದು ನಿಲ್ಲಿಸಬೇಡಿ; ರಜಾ ದಿನಗಳಲ್ಲಿ ವಾಹನಗಳ ಸಾಲು ಬೆಳೆಯುವುದೇ ಅಲ್ಲಿಂದ.

ಬೆಳಗಿನ ಕ್ರಮ ಹೀಗಿರಲಿ. ನಾಲ್ಕಕ್ಕೆ ಎದ್ದು, ಕೋಣೆಯಲ್ಲೇ ಸ್ನಾನ ಮಾಡಿ, ಒಣ ಮಡಿಯುಟ್ಟು ನಾಲ್ಕೂವರೆಗೆಲ್ಲ ಸ್ಫಟಿಕಲಿಂಗ ದರ್ಶನದ ಸಾಲಿಗೆ ಸೇರಿ. ಈ ದರ್ಶನ ಬೆಳಿಗ್ಗೆ 5ರಿಂದ 6ರವರೆಗೆ ಮಾತ್ರ, ಪ್ರತ್ಯೇಕ ಟಿಕೆಟ್. ಅಂಗೈಯಲ್ಲಿ ಹಿಡಿಸುವಂಥ ಪುಟ್ಟ ಲಿಂಗ, ಮೇಲೆ ಸುರಿಯುವ ಹಾಲಿನ ಧಾರೆ, ಆರತಿ ಎತ್ತಿದಾಗ ಸ್ಫಟಿಕವನ್ನು ಹಾದು ಬರುವ ಬೆಳಕು. ಕಣ್ಣಿಗೆ ಸಿಗುವುದು ಕೆಲವೇ ಕ್ಷಣ, ಆದರೆ ಮರೆಯುವಂಥದ್ದಲ್ಲ. ಶಂಕರಾಚಾರ್ಯರು ಕೊಟ್ಟ ಲಿಂಗವಿದು ಎಂಬ ನಂಬಿಕೆಯಿದೆ. ಇಲ್ಲಿ ಮೂಲಲಿಂಗವನ್ನು ಮುಟ್ಟಿ ಪೂಜಿಸುವ ಅರ್ಚಕರು ಶೃಂಗೇರಿ ಪೀಠದಿಂದ ದೀಕ್ಷೆ ಪಡೆದವರು. ದೂರದ ತಮಿಳು ದ್ವೀಪದ ಗರ್ಭಗುಡಿಗೂ ತುಂಗಾ ತೀರಕ್ಕೂ ಇರುವ ಈ ನಂಟು ಎಷ್ಟೋ ಕನ್ನಡಿಗರಿಗೆ ಗೊತ್ತೇ ಇಲ್ಲ.

ಅಲ್ಲಿಂದ ಹೊರಬಂದು ಅಗ್ನಿತೀರ್ಥಕ್ಕೆ ಹೋಗಿ. ಪೂರ್ವ ಗೋಪುರದ ಎದುರಿನ ಸಮುದ್ರವೇ ಅಗ್ನಿತೀರ್ಥ. ಅಲೆಗಳಿಲ್ಲ, ಕೆರೆಯ ಹಾಗೆ ಮಲಗಿದ ನೀರು. ಮಕ್ಕಳು, ವಯಸ್ಸಾದವರು ಧೈರ್ಯವಾಗಿ ಇಳಿಯಬಹುದು. ಕಾಲಡಿ ಮಾತ್ರ ಜೋಪಾನ: ಪಾಚಿ ಹಿಡಿದ ಕಲ್ಲುಗಳಿವೆ, ಜನ ಬಿಟ್ಟುಹೋದ ಬಟ್ಟೆಗಳು ಪಾದಕ್ಕೆ ಸುತ್ತಿಕೊಳ್ಳುತ್ತವೆ. ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟರೆ ಪಾಪ ಹೋಗುತ್ತದೆ ಎಂದು ಯಾರು ಹೇಳಿದರೂ ಕೇಳಬೇಡಿ. ತೀರ್ಥವನ್ನು ಕೊಳಕು ಮಾಡಿ ಪುಣ್ಯ ಬರುವುದಿಲ್ಲ. ತರ್ಪಣ, ಸಂಕಲ್ಪ ಮಾಡಿಸುವವರು ಕೂರುವ ಮೊದಲೇ ದಕ್ಷಿಣೆ ಮಾತಾಡಿಕೊಳ್ಳಿ. ಮಂತ್ರದ ನಡುವೆ ಗೋದಾನ, ಭೂದಾನವೆಂದು ಮೊತ್ತ ಏರುವುದುಂಟು. ಆಷಾಢ, ಪುಷ್ಯ ಮತ್ತು ಮಹಾಲಯ ಅಮಾವಾಸ್ಯೆಗಳಂದು ಇಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಪಿತೃಕಾರ್ಯದ ಉದ್ದೇಶವಿಲ್ಲದಿದ್ದರೆ ಆ ದಿನಗಳನ್ನು ತಪ್ಪಿಸಿ.

ಇನ್ನು 22 ತೀರ್ಥಗಳು. ಮಹಾಲಕ್ಷ್ಮಿ ತೀರ್ಥದಿಂದ ಶುರುವಾಗಿ ಕೋಟಿತೀರ್ಥದಲ್ಲಿ ಮುಗಿಯುವ ಈ ಸಾಲು ಪೂರ್ತಿ ದೇವಸ್ಥಾನದ ಆವರಣದೊಳಗೇ ಇದೆ. ಸಾವಿತ್ರಿ, ಗಾಯತ್ರಿ, ಸರಸ್ವತಿ, ಶಂಖ, ಚಕ್ರ, ಸೂರ್ಯ, ಚಂದ್ರ, ಗಂಗಾ, ಯಮುನಾ, ಗಯಾ ಎಂದು ಹೆಸರುಗಳು ಸಾಗುತ್ತವೆ. ನಡುವೆ ಗವಾಕ್ಷ, ಗವಯ, ನಳ, ನೀಲ ಎಂಬ ನಾಲ್ಕು ಬರುತ್ತವೆ. ಇವೆಲ್ಲ ರಾಮನ ಸೇನೆಯ ವಾನರ ವೀರರ ಹೆಸರು. ಹೆಚ್ಚಿನವು ಬಾವಿಗಳೇ. ಬಾವಿಕಟ್ಟೆಯ ಮೇಲೆ ನಿಂತ ಆಳು ಹಗ್ಗ ಕಟ್ಟಿದ ಸಣ್ಣ ಬಕೆಟ್ಟನ್ನು ಕೆಳಗೆಸೆದು, ಎರಡೇ ಎಳೆತಕ್ಕೆ ಮೇಲೆತ್ತಿ, ನೆತ್ತಿಗೆ ಸುರಿಯುತ್ತಾನೆ. ಸಮುದ್ರದಿಂದ ಕೂಗಳತೆಯಲ್ಲಿದ್ದರೂ ಕೆಲವು ಬಾವಿಗಳ ನೀರು ಸಿಹಿ, ಕೆಲವು ಸ್ವಲ್ಪ ಸವಳು. ತುಟಿಗೆ ತಾಗಿದಾಗ ವ್ಯತ್ಯಾಸ ತಿಳಿಯುತ್ತದೆ.

ದೇವಸ್ಥಾನದ ತೀರ್ಥದ ಟಿಕೆಟ್ ತಲೆಗೆ 25 ರೂಪಾಯಿ. ಹೊರಗೆ ಗುಂಪು ಕಟ್ಟಿ ಕರೆದೊಯ್ಯುವವರು ಕೇಳುವುದು ಇದರ ಹಲವು ಪಟ್ಟು. ಇವರ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಬರೀ ಟಿಕೆಟ್ ಹಿಡಿದು ಹೋದವರಿಗೆ ಜನ ಹೆಚ್ಚಿದ್ದಾಗ ನೀರು ಬೀಳುವುದು ಚಿಮುಕಿಸಿದಷ್ಟೇ, ಹಿಂದೆ ನಿಂತವರಿಗೆ ಅದೂ ಇಲ್ಲ. ಸ್ವಂತ ಬಕೆಟ್ ಹಿಡಿದು ಜೊತೆಗೆ ಬರುವವನು ಪ್ರತಿ ತಲೆಗೂ ತುಂಬಿದ ಬಕೆಟ್ ಸುರಿಯುತ್ತಾನೆ, ದಾರಿಯನ್ನೂ ತಪ್ಪಿಸುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ, ಜನಜಂಗುಳಿಯ ದಿನವಾದರೆ ಆ ಹಣ ದಂಡವಲ್ಲ. ವಾರದ ನಡುವಿನ ಬೆಳಿಗ್ಗೆ ಆರೂವರೆಗೆ ಬಂದಿದ್ದರೆ ಅದರ ಅಗತ್ಯವೇ ಇಲ್ಲ. ಬಾವಿಗಳಿಗೆ ಸಂಖ್ಯೆ ಬರೆದಿದೆ, ಮುಂದಿನವರ ಹೆಜ್ಜೆ ಹಿಡಿದರಾಯಿತು. ಅಂಥವರನ್ನು ಗೊತ್ತು ಮಾಡಿಕೊಳ್ಳುವುದಾದರೆ ಒಟ್ಟು ಎಷ್ಟು ಜನ, ತಲೆಗೆ ಎಷ್ಟು, ದೇವಸ್ಥಾನದ ಟಿಕೆಟ್ ಸೇರಿದೆಯೇ ಎಂಬ ಮೂರನ್ನೂ ಕೇಳಿ, ಹಣವನ್ನು ಕೋಟಿತೀರ್ಥ ಮುಗಿದ ಮೇಲೆ ಕೊಡಿ.

ತಪ್ಪಾಗುವುದು ಎಲ್ಲಿ ಎಂದು ಮೊದಲೇ ತಿಳಿದಿರಲಿ. ನೆಲವೆಲ್ಲ ನುಣುಪು ಕಲ್ಲುಹಾಸು, ಸದಾ ಒದ್ದೆ. ಓಡಿದವರು ಬೀಳುತ್ತಾರೆ, ಗುಂಪಿನವರು ಓಡಿಸಿದರೂ ನೀವು ಓಡಬೇಡಿ. ಕಂಬಗಳ ಬದಿ ಹಿಡಿದೇ ನಡೆಯಿರಿ. ಹೆಂಗಸರಿಗೆ ಗಾಢ ಬಣ್ಣದ ಹತ್ತಿ ಸೀರೆ ಅಥವಾ ಚೂಡಿದಾರ್ ಸರಿ. ಪಾಲಿಯೆಸ್ಟರ್ ಮೈಗಂಟಿ ನಡೆಯಲು ಬಿಡುವುದಿಲ್ಲ. ಗಂಡಸರ ತೆಳು ಪಂಚೆ ಐದನೇ ಬಾವಿಯ ಹೊತ್ತಿಗೆ ಜಾರತೊಡಗುತ್ತದೆ, ಮೇಲೊಂದು ದಾರವೋ ಬೆಲ್ಟೋ ಇರಲಿ. ಕನ್ನಡಕ, ಕಿವಿಯ ಮಿಷನ್, ಸರ, ಮೊಬೈಲ್ ಎಲ್ಲವನ್ನೂ ಕೋಣೆಯಲ್ಲೇ ಬಿಟ್ಟು ಬನ್ನಿ; ಮೊಬೈಲನ್ನಂತೂ ಒಳಗೆ ಬಿಡುವುದೂ ಇಲ್ಲ. ಪೂರ್ತಿ ಸುತ್ತಿಗೆ ಒಂದರಿಂದ ಒಂದೂವರೆ ಗಂಟೆ ಬೇಕು. ಅಷ್ಟು ಹೊತ್ತು ಒದ್ದೆಯಲ್ಲಿದ್ದು ಮಕ್ಕಳಿಗೆ ಮೈ ನಡುಗುತ್ತದೆ, ಆದ್ದರಿಂದ ಶುರು ಮಾಡುವ ಮುನ್ನ ಬಿಸಿ ಹಾಲೋ ಬಿಸ್ಕತ್ತೋ ಕೊಟ್ಟಿರಿ. ಕೊನೆಯ ಕೋಟಿತೀರ್ಥದ ನೀರನ್ನು ಮನೆಗೆ ತರುವ ವಾಡಿಕೆಯಿದೆ. ಲಿಂಗದ ಅಭಿಷೇಕಕ್ಕೆಂದು ರಾಮ ಬಿಲ್ಲಿನ ತುದಿಯಿಂದ ನೆಲ ಮೀಟಿ ತೆಗೆದ ನೀರು ಅದು ಎಂದು ಸ್ಥಳಪುರಾಣ.

ಒದ್ದೆ ಬಟ್ಟೆಯಲ್ಲಿ ಗರ್ಭಗುಡಿಯ ದರ್ಶನಕ್ಕೆ ಬಿಡುವುದಿಲ್ಲ. ಕೋಣೆಗೆ ಹೋಗಿ ಬಟ್ಟೆ ಬದಲಾಯಿಸಿ ಬರುವುದೇ ಉತ್ತಮ. ಒಳಗೆ ಲಿಂಗಗಳು ಎರಡು: ಸೀತೆ ಮರಳಿನಲ್ಲಿ ಮಾಡಿದ ರಾಮಲಿಂಗ, ಹನುಮಂತ ಕೈಲಾಸದಿಂದ ತಂದ ವಿಶ್ವಲಿಂಗ. ತಡವಾಗಿ ಬಂದ ಹನುಮಂತನ ಮನಸ್ಸು ನೋಯಬಾರದೆಂದು ವಿಶ್ವಲಿಂಗಕ್ಕೇ ಮೊದಲ ಪೂಜೆ. ಎಷ್ಟೋ ಜನ ರಾಮಲಿಂಗವೊಂದನ್ನೇ ನೋಡಿ ಹೊರಬರುತ್ತಾರೆ. ವಿಶ್ವಲಿಂಗವಿರುವ ವಿಶ್ವನಾಥನ ಸನ್ನಿಧಿಯನ್ನು ಕೇಳಿ ಹೋಗಿ. ಪರ್ವತವರ್ಧಿನಿ ಅಮ್ಮನ ಗುಡಿ ಸ್ವಾಮಿಯ ಬಲಕ್ಕಿದೆ.

ಮೂರನೆಯ ಪ್ರಾಕಾರವನ್ನು ಸಂಜೆಗೆ ಇಟ್ಟುಕೊಳ್ಳಿ. ರಾಮನಾಥಪುರದ ಅರಸರಾದ ಸೇತುಪತಿಗಳು 18ನೇ ಶತಮಾನದಲ್ಲಿ ಪೂರೈಸಿದ ಈ ಕಂಬಸಾಲಿನಲ್ಲಿ 1212 ಕಂಬಗಳಿವೆ. ಬೆಳಿಗ್ಗೆ ಒದ್ದೆಯಲ್ಲಿ ಓಡುವವನಿಗೆ ಇದು ಬರೀ ದಾರಿ. ಸಂಜೆ ಒಂದು ಮೂಲೆಯಲ್ಲಿ ನಿಂತು ನೇರ ನೋಡಿ: ಕಂಬದ ಹಿಂದೆ ಕಂಬ, ಎರಡು ಸಾಲೂ ಕಿರಿದಾಗುತ್ತಾ ಹೋಗಿ ಕೊನೆಗೆ ಕಣ್ಣಿಗೆ ಉಳಿಯುವುದು ಒಂದು ಬೆಳಕಿನ ಚುಕ್ಕಿ. ಶುಕ್ರವಾರವಾದರೆ ಅಮ್ಮನವರ ಪಲ್ಲಕ್ಕಿ ಇದೇ ಪ್ರಾಕಾರ ಸುತ್ತುತ್ತದೆ.

ನಡುವಿನ ಹೊತ್ತು ಧನುಷ್ಕೋಟಿಗೆ. ದ್ವೀಪದ ತುದಿಯ ಅರಿಚಲ್‌ಮುನೈವರೆಗೆ 2017ರಿಂದ ಡಾಂಬರು ರಸ್ತೆಯಿದೆ, ಸರ್ಕಾರಿ ಬಸ್ಸೂ ಹೋಗುತ್ತದೆ. ಬಸ್ಸಿನಲ್ಲಿ ಹೋದರೆ ದಾರಿಯ ಕೋದಂಡರಾಮ ದೇವಸ್ಥಾನ ತಪ್ಪಿಹೋಗಬಹುದು, ಆದ್ದರಿಂದ ಇಲ್ಲಿ ಆಟೋ ಮೇಲು. ವಿಭೀಷಣನಿಗೆ ರಾಮ ಪಟ್ಟ ಕಟ್ಟಿದ ಜಾಗವಿದು. 1964ರ ಡಿಸೆಂಬರ್ ಚಂಡಮಾರುತ ಧನುಷ್ಕೋಟಿ ಊರನ್ನೇ ನುಂಗಿದಾಗಲೂ ಈ ಗುಡಿ ಉಳಿಯಿತು. ಮುಂದೆ ಹಳೆಯ ಚರ್ಚು, ರೈಲು ನಿಲ್ದಾಣದ ಗೋಡೆಗಳು ಮರಳಿನಲ್ಲಿ ನಿಂತಿವೆ. ತುದಿಯಲ್ಲಿ ಒಂದು ಕಡೆಯ ಸಮುದ್ರ ಶಾಂತ, ಇನ್ನೊಂದು ಕಡೆಯದು ಅಬ್ಬರ. ಊರವರು ‘ಪೆಣ್ ಕಡಲ್’, ‘ಆಣ್ ಕಡಲ್’ ಎನ್ನುತ್ತಾರೆ, ಹೆಣ್ಣು ಕಡಲು, ಗಂಡು ಕಡಲು. ಎರಡೂ ಸೇರುವಲ್ಲಿ ಸೆಳೆತ ಬಲವಾಗಿದೆ, ಮೊಣಕಾಲಿನ ಮೇಲೆ ನೀರಿಗಿಳಿಯಬೇಡಿ. ನೆರಳು ಎಲ್ಲೂ ಇಲ್ಲ. ಕುಡಿಯುವ ನೀರು, ಟೋಪಿ ಜೊತೆಗಿರಲಿ. ಸಂಜೆಯಾದ ಮೇಲೆ ಚೆಕ್‌ಪೋಸ್ಟಿನಲ್ಲಿ ವಾಹನ ಬಿಡುವುದಿಲ್ಲ.

ಉಳಿದವುಗಳಲ್ಲಿ ಗಂಧಮಾದನ ಪರ್ವತದ ರಾಮಪಾದಕ್ಕೆ ಹೋಗಲೇಬೇಕು. ದ್ವೀಪದ ಅತಿ ಎತ್ತರದ ಜಾಗ, ಅರ್ಧ ಗಂಟೆ ಸಾಕು. ವಿಲ್ಲೊಂಡಿಯಲ್ಲಿ ಸಮುದ್ರದ ಒಳಗೇ ಸಿಹಿನೀರಿನ ಬಾವಿ ಇದೆ. ಕೆಲವು ಗುಡಿಗಳಲ್ಲಿ ತೊಟ್ಟಿಯಲ್ಲಿ ತೇಲಿಸಿಟ್ಟ ಕಲ್ಲುಗಳನ್ನು ಕೈಮುಗಿದು ನೋಡಿ, ಆದರೆ ಹೊರಗೆ ಮಾರುವವರಿಂದ ಕೊಳ್ಳಬೇಡಿ; ಹವಳದ ದಿಬ್ಬ ಒಡೆದು ತರುವಂಥವು ಅವು.

ಕಾಶಿಯಾತ್ರೆಯ ಸಂಕಲ್ಪವಿರುವವರು ಸೇತುವಿನ, ಅಂದರೆ ರಾಮ ಸೇತುವೆ ಕಟ್ಟಿದನೆನ್ನುವ ಇಲ್ಲಿನ ಕಡಲತೀರದ, ಮರಳಿಗಾಗಿಯೇ ಬಂದಿರುತ್ತಾರೆ. ಸ್ನಾನ ಮಾಡಿ, ಪೂಜಿಸಿದ ಮರಳನ್ನು ಪ್ರಯಾಗದ ತ್ರಿವೇಣಿಯಲ್ಲಿ ಬಿಟ್ಟು, ಅಲ್ಲಿಂದ ಗಂಗೆಯನ್ನು ತಂದು ರಾಮನಾಥನಿಗೆ ಅಭಿಷೇಕ ಮಾಡಿಸಿದರೆ ಯಾತ್ರೆ ಪೂರ್ಣ. ಮರಳನ್ನು ಒಂದು ಹಿಡಿಗಿಂತ ಹೆಚ್ಚು ತೆಗೆಯಬೇಡಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಬಟ್ಟೆಯಲ್ಲಿ ಕಟ್ಟಿ. ಒದ್ದೆಯಲ್ಲೇ ಪ್ಲಾಸ್ಟಿಕ್ಕಿನಲ್ಲಿ ತುಂಬಿದರೆ ಊರು ಸೇರುವಷ್ಟರಲ್ಲಿ ವಾಸನೆ ಹಿಡಿಯುತ್ತದೆ. ವಾಪಸ್ ತರುವ ಗಂಗೆಯ ಗಿಂಡಿಯ ಮುದ್ರೆ ಒಡೆಯದೆ ತಂದು, ಹಿಂದಿನ ದಿನವೇ ದೇವಸ್ಥಾನದ ಕಚೇರಿಯಲ್ಲಿ ಅಭಿಷೇಕದ ಹೊತ್ತು ಕೇಳಿಕೊಳ್ಳಿ.