ಮನೆಯಲ್ಲೇ ನೀರಿನಲ್ಲಿ ಹೆರಿಗೆ: ಯಾವ ತೊಟ್ಟಿ ಒಳ್ಳೆಯದು?

ಇಂಗ್ಲೆಂಡಿನಲ್ಲಿರುವ ನಮ್ಮ ಹೆಣ್ಣುಮಕ್ಕಳು ಮನೆಯ ಹೆರಿಗೆಗೆ ಮಿಡ್‌ವೈಫ್ ಜೊತೆ ಮಾತಾಡಿ ಮುಗಿಸಿದ ಮೇಲೆ ತೊಟ್ಟಿಯ ಪ್ರಶ್ನೆ ಬರುತ್ತದೆ.

ನನ್ನ ಒಲವು ಗಾಳಿ ತುಂಬುವ ತೊಟ್ಟಿಯ ಕಡೆಗೆ. ಅಂಚು ಮೆತ್ತಗಿರುತ್ತದೆ. ನೋವು ಏರಿದಾಗ ಮಂಡಿಯೂರಿ, ಎದೆಯನ್ನು ಅಂಚಿಗೆ ಒರಗಿಸಿ, ತೋಳು ಹೊರಚಾಚಿ ಗಂಡನ ಕೈ ಬಿಗಿಯಾಗಿ ಹಿಡಿದುಕೊಳ್ಳಬಹುದು. ತಳಕ್ಕೂ ಗಾಳಿ ತುಂಬುವಂಥದ್ದನ್ನೇ ಆರಿಸಿ, ಮಂಡಿ ನೋಯುವುದಿಲ್ಲ. ಫಲಕ ಜೋಡಿಸುವ ಗಟ್ಟಿ ತೊಟ್ಟಿಯಲ್ಲಿ ತೂತು ಬೀಳುವ ಭಯವಿಲ್ಲ, ಆದರೆ ಆ ಮೆದುತನವೂ ಇಲ್ಲ. ಮಕ್ಕಳ ಆಟದ ತೊಟ್ಟಿ ಅಗ್ಗವೆಂದು ತರಬೇಡಿ. ಕುಳಿತಾಗ ಹೊಟ್ಟೆ ಪೂರ್ತಿ ಮುಳುಗುವಷ್ಟು ಆಳ ಬೇಕು.

ಹೀಟರ್ ಮತ್ತು ಪಂಪ್ ಇರುವ ತೊಟ್ಟಿಯನ್ನು ಮೊದಲೇ ತುಂಬಿಸಿಡುವುದಂತೂ ಖಂಡಿತ ಬೇಡ. ದಿನಗಟ್ಟಲೆ ಬೆಚ್ಚಗಿಟ್ಟ ನೀರಿನಲ್ಲಿ ತೀವ್ರ ನ್ಯುಮೋನಿಯಾ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು. 2014ರಲ್ಲಿ ಅಂಥ ತೊಟ್ಟಿಯಲ್ಲಿ ಹುಟ್ಟಿದ ಮಗುವಿಗೆ ಸೋಂಕು ತಗುಲಿದಾಗ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೇ ಎಚ್ಚರಿಕೆ ಕೊಟ್ಟಿತು. ನೋವು ಶುರುವಾದ ಮೇಲೆ ನಲ್ಲಿಯಿಂದ ತುಂಬಿಸಿದರೆ ಸಾಕು.

ಗಾತ್ರ ನೋಡುವಾಗ ತೂಕವೂ ನೆನಪಿರಲಿ: 600 ಲೀಟರ್ ನೀರೆಂದರೆ 600 ಕೆಜಿ. ಮಹಡಿಯ ಕೋಣೆಯಾದರೆ ನೆಲ ತಾಳುತ್ತದೆಯೇ ಎಂದು ವಿಚಾರಿಸಿ. ಬಿಸಿನೀರಿನ ಟ್ಯಾಂಕ್ ಚಿಕ್ಕದಿದ್ದರೆ ಚಿಕ್ಕ ತೊಟ್ಟಿಯೇ ವಾಸಿ. ಊರಿನಲ್ಲಿ ಬಾಣಂತಿಗೆ ಹಂಡೆಗಟ್ಟಲೆ ಸುಡುನೀರು ಹೊಯ್ಯುವುದನ್ನು ಕಂಡ ಅಮ್ಮಂದಿರು ಜೊತೆಗಿದ್ದರೆ ಮೊದಲೇ ತಿಳಿಸಿ: ಈ ನೀರು 37.5 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಗಂಟೆಗೊಮ್ಮೆ ಅಳೆಯಬೇಕು. ಬಾಡಿಗೆಯ ತೊಟ್ಟಿಯಾದರೆ ಒಳಹಾಸು ಮಾತ್ರ ಹೊಸದೇ ಆಗಿರಲಿ.