ಹಳೆಯ ಅಲ್ಯೂಮಿನಿಯಂ ದೋಣಿಯ ದುರಸ್ತಿ: ಲೋಹದ ಕೆಲಸಕ್ಕೆ ಪೂರ್ಣ ಅಂಕ, ವೈರಿಂಗಿಗೆ ಅರ್ಧ

ಕೃಷ್ಣರಾಜಸಾಗರದ ಹಿನ್ನೀರಿನಲ್ಲಾಗಲಿ ಮಂಡ್ಯದ ಕೆರೆಗಳಲ್ಲಾಗಲಿ ಮೀನು ಹಿಡಿಯುವವರು ಇಂದಿಗೂ ಹರಿಗೋಲನ್ನೇ ನೆಚ್ಚಿಕೊಂಡಿರುವುದರಿಂದ, ಅಲ್ಯೂಮಿನಿಯಂ ದೋಣಿಯ ರಿಪೇರಿಯನ್ನೇ ಕಸುಬು ಮಾಡಿಕೊಂಡವರು ನಮ್ಮ ಕಡೆ ಸಿಗುವುದು ಕಷ್ಟ. ಹಾಗಾಗಿ, ಹಿನ್ನೀರಿನ ರೆಸಾರ್ಟ್ ಒಂದು ಮೂಲೆಗೆ ತಳ್ಳಿದ್ದ 14 ಅಡಿಯ ಹಳೆಯ ದೋಣಿಯನ್ನು ಕೊಂಡ ಮೇಲೆ, ಅದನ್ನು ಬಸ್ಸು ಲಾರಿಗಳ ಬಾಡಿ ಕಟ್ಟುವ ಮೈಸೂರಿನ ವರ್ಕ್‌ಶಾಪ್ ಒಂದಕ್ಕೆ ಒಪ್ಪಿಸಿದೆವು. ದೋಣಿ ಕೆಲಸ ಅವರಿಗೆ ಹೊಸದು, ಅಲ್ಯೂಮಿನಿಯಂ ಮಾತ್ರ ಹಳೆಯ ಪರಿಚಯ. ಅವರ ಕೆಲಸದ ಗುಣದೋಷಗಳೆರಡೂ ಈ ಒಂದು ಸಂಗತಿಯಿಂದಲೇ ಬಂದವು.

ಮೊದಲು ಗುಣದ ಮಾತು. ಸೋರುವ ಜಾಗ ಹುಡುಕಲು ಅವರು ದೋಣಿಯನ್ನು ನೀರಿಗಿಳಿಸಲಿಲ್ಲ. ಮರದ ದಿಮ್ಮಿಗಳ ಮೇಲೆ ಕೂರಿಸಿ, ಒಳಗೆ ಗೇಣುದ್ದ ನೀರು ನಿಲ್ಲಿಸಿ, ಹೊರಗೆ ಎಲ್ಲೆಲ್ಲಿ ಹನಿ ಮೂಡುತ್ತದೋ ಅಲ್ಲಲ್ಲಿ ಮಾರ್ಕರಿನಿಂದ ಸುತ್ತು ಹಾಕಿದರು. ಸಡಿಲಗೊಂಡ ರಿವೆಟ್ಟುಗಳಿಗೆ ಒಳಗಿನಿಂದ ಒಬ್ಬ ಹುಡುಗ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿದರೆ ಹೊರಗಿನಿಂದ ಮೇಸ್ತ್ರಿ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಿದ್ದರು, ಸದ್ದು ಬದಲಾದೊಡನೆ ಮುಂದಿನದಕ್ಕೆ ಹೋಗುತ್ತಿದ್ದರು. ಬಿಗಿಯಾಗಲೊಲ್ಲದವುಗಳನ್ನು ಕೊರೆದು ತೆಗೆದು, ಸೀಲೆಂಟ್ ಹಚ್ಚಿದ ಗಟ್ಟಿ ರಿವೆಟ್ ಹಾಕಿದರು. ಮಧ್ಯೆ ತೂತಿರುವ ಪಾಪ್ ರಿವೆಟ್ಟನ್ನು ನೀರಿನ ಮಟ್ಟದ ಕೆಳಗೆ ಹಾಕಬಾರದೆಂದು ನಾವು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು.

ಹಿಂಬದಿಯ ಮೂಲೆಯಲ್ಲಿದ್ದ ಬಿರುಕನ್ನು ಆರ್ಗಾನ್ ವೆಲ್ಡಿಂಗ್‌ನಲ್ಲಿ ಮುಚ್ಚಿದ ರೀತಿಯನ್ನು ವಿಶೇಷವಾಗಿ ಹೇಳಬೇಕು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅದರ ಮೈಮೇಲೆ ತಾನಾಗಿ ಕಟ್ಟುವ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಪೊರೆಯನ್ನು ಉಜ್ಜಿ ತೆಗೆಯದೆ ಬೆಸುಗೆ ಹಾಕಿದರೆ ಮೇಲೆ ಕೂಡಿಕೊಂಡಂತೆ ಕಂಡರೂ ಒಳಗೆ ಕೂಡಿರುವುದಿಲ್ಲ. ಇವರು ಅಲ್ಯೂಮಿನಿಯಂಗೆಂದೇ ಒಂದು ಸ್ಟೀಲ್ ಬ್ರಷ್ಷನ್ನು ಬೇರೆ ಇಟ್ಟಿದ್ದು, ಕಬ್ಬಿಣದ ಕೆಲಸ ಮಾಡುವವರು ಅದನ್ನು ಮುಟ್ಟಲೂ ಬಿಡುವುದಿಲ್ಲ. ಬಿರುಕಿನ ತುದಿ ಇನ್ನೂ ಮುಂದಕ್ಕೆ ಓಡದಂತೆ ಅಲ್ಲೊಂದು ಸಣ್ಣ ತೂತು ಕೊರೆದೇ ಬೆಸುಗೆ ಆರಂಭಿಸಿದರು.

ಮೋಟಾರು ಕೂರುವ ಹಲಗೆ ಪೂರ್ತಿ ಕೊಳೆತಿತ್ತು. ಅದರ ಜಾಗಕ್ಕೆ ಐಎಸ್ 710 (ಮರೀನ್ ಪ್ಲೈವುಡ್ಡಿನ ಭಾರತೀಯ ಮಾನಕ) ಮುದ್ರೆಯ ಮರೀನ್ ಪ್ಲೈವುಡ್ ತಂದು, ಅಂಚುಗಳಿಗೂ ಬೋಲ್ಟಿನ ತೂತುಗಳಿಗೂ ಎಪಾಕ್ಸಿ ಕುಡಿಸಿ ಕೂರಿಸಿದ್ದಾರೆ. ಗೆದ್ದಲು ತಡೆಯಲು ತಾಮ್ರದ ಲವಣ ಉಣಿಸಿದ ಮರ ನೇರವಾಗಿ ತಾಗಿದರೆ ತೇವದಲ್ಲಿ ಅಲ್ಯೂಮಿನಿಯಂ ಸವೆಯುತ್ತದಾದ್ದರಿಂದ ಈ ಎಪಾಕ್ಸಿಯ ಖರ್ಚು ದಂಡವಲ್ಲ. ಸೀಟಿನ ಕೆಳಗೆ ತೇಲುವಿಕೆಗಾಗಿ ಥರ್ಮಾಕೋಲ್ ತುಂಬಲು ಹೊರಟಿದ್ದರು. ಪೆಟ್ರೋಲ್ ತಾಗಿದರೆ ಅದು ಕರಗಿಹೋಗುತ್ತದೆಂದು ಹೇಳಿ ಪಿಯು (ಪಾಲಿಯುರೆಥೇನ್) ಫೋಮ್ ಹಾಕಿಸಿದೆವು.

ತೊಂದರೆಯಿದ್ದದ್ದು ವೈರಿಂಗಿನಲ್ಲಿ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ದೋಣಿಯ ಮೈಗೇ ಸ್ಕ್ರೂ ಹಾಕಿ ಬಿಗಿದು, ಪ್ರತಿ ದೀಪಕ್ಕೂ ಒಂದೊಂದೇ ತಂತಿ ಎಳೆದಿದ್ದರು. ಕೇಳಿದಾಗ ಎಲೆಕ್ಟ್ರಿಷಿಯನ್, "ಟ್ರ್ಯಾಕ್ಟ್ರಿಗೂ ಹಿಂಗೇ ಮಾಡೋದು ಸಾರ್, ಬಾಡಿಗೇ ಅರ್ತ್ ಕೊಟ್ರೆ ಒಂದ್ ವೈರ್ ಉಳೀತದೆ" ಎಂದರು. ಟ್ರ್ಯಾಕ್ಟರಿಗೆ ಅದು ಸರಿಯೇ. ಆದರೆ ನೀರಿನಲ್ಲಿ ನಿಲ್ಲುವ ಅಲ್ಯೂಮಿನಿಯಂ ಮೈಯನ್ನೇ ವಿದ್ಯುತ್ತಿನ ದಾರಿಯನ್ನಾಗಿ ಮಾಡಿದರೆ, ಎಲ್ಲೋ ಒಂದು ಕಡೆ ಸೋರಿದ ಕರೆಂಟು ನೀರಿನ ಮೂಲಕ ಹರಿದು ಲೋಹವನ್ನು ತಿನ್ನತೊಡಗುತ್ತದೆ. ದೋಣಿ ಕೆಲವು ವಾರ ನೀರಿನಲ್ಲಿದ್ದು ಬಂದಾಗ ಆ ಸ್ಕ್ರೂವಿನಡಿಯ ತಾಮ್ರದ ಲಗ್ಗಿನ (ತಂತಿಯ ತುದಿಗೆ ಹಾಕುವ ಬಳೆಯ) ಸುತ್ತ ಬಿಳಿ ಪುಡಿ ಉಬ್ಬಿಕೊಂಡಿತ್ತು. ಉಗುರಿನಲ್ಲಿ ಕೆರೆದರೆ ಕೆಳಗೆ ಸಣ್ಣ ಗುಳಿ ಕಾಣುತ್ತಿತ್ತು. ಜಾಯಿಂಟುಗಳು ಕೈಯಲ್ಲಿ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದಂಥವು, ಬ್ಯಾಟರಿಯ ಬಳಿ ಫ್ಯೂಸಿನ ಸುಳಿವೇ ಇರಲಿಲ್ಲ.

ತಂತಿಯ ದಪ್ಪವನ್ನೂ ಅವರು ಅಂದಾಜಿನಲ್ಲೇ ಆರಿಸಿದ್ದರು. ಮುಂತುದಿಯ ಸರ್ಚ್‌ಲೈಟ್ 10 ಆಂಪಿಯರ್ ಎಳೆಯುವಂಥದ್ದು. ಹೋಗಿಬರುವ ದಾರಿ ಸೇರಿ 10 ಮೀಟರ್ ಹಿಡಿದರೆ, 2.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಸುಮಾರು ಮುಕ್ಕಾಲು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಮನೆಯ 230 ವೋಲ್ಟಿನಲ್ಲಿ ಇದು ಲೆಕ್ಕಕ್ಕಿಲ್ಲ, 12 ವೋಲ್ಟಿನಲ್ಲಿ ಶೇ. 6 ಆಗುತ್ತದೆ. 6 ಚದರ ಮಿಲಿಮೀಟರ್ ತಂತಿಯಾದರೆ ನಷ್ಟ 0.3 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ.

ವರ್ಕ್‌ಶಾಪಿನವರ ಪರವಾಗಿ ಹೇಳಬೇಕಾದ್ದೆಂದರೆ, ಗುಳಿಯನ್ನು ತೋರಿಸಿದ ಮೇಲೆ ಅವರು ವಾದಕ್ಕಿಳಿಯಲಿಲ್ಲ. ತಂತಿಯ ಬೆಲೆ ಮಾತ್ರ ಪಡೆದು, ಕೂಲಿ ತೆಗೆದುಕೊಳ್ಳದೆ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಎಳೆದರು: ಪ್ರತಿಯೊಂದಕ್ಕೂ ಜೋಡಿ ತಂತಿ, ತವರ ಲೇಪಿಸಿದ ತಾಮ್ರ, ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿ ಒತ್ತಿ ಬಿಗಿದು), ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಕೂರುವ ಹೀಟ್‌ಶ್ರಿಂಕ್ ಕೊಳವೆ ಹಾಕಿದ ಜಾಯಿಂಟು, ಬ್ಯಾಟರಿಯ ಪಾಸಿಟಿವ್‌ಗೆ ಗೇಣಿನೊಳಗೆ ಮುಖ್ಯ ಫ್ಯೂಸು. ತಳದ ನೀರೆತ್ತುವ ಪಂಪನ್ನು ಮುಖ್ಯ ಸ್ವಿಚ್ಚಿಗೆ ಸೇರಿಸದೆ, ಪ್ರತ್ಯೇಕ ಫ್ಯೂಸಿನೊಂದಿಗೆ ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದಾರೆ. ರಾತ್ರಿ ಎಲ್ಲವನ್ನೂ ಆರಿಸಿ ಮನೆಗೆ ಹೋದ ಮೇಲೆ ಮಳೆ ಸುರಿದರೂ ತಳದ ನೀರಿನೊಂದಿಗೆ ಫ್ಲೋಟ್ ಸ್ವಿಚ್ ಮೇಲೆದ್ದೊಡನೆ ಪಂಪು ಓಡುತ್ತದೆ.

ಬಣ್ಣದ ವಿಷಯದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಲೋಹದ ಮೈಯನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಹೊಡೆದ ಮೇಲೆಯೇ ಬಣ್ಣ ಬಳಿದಿರುವುದರಿಂದ ಇದುವರೆಗೆ ಎಲ್ಲೂ ಸಿಪ್ಪೆ ಎದ್ದಿಲ್ಲ. ಮಾತಾಡಿದ ದರಕ್ಕೇ ಕೆಲಸ ಮುಗಿಸಿದರು, ಹೇಳಿದ ದಿನಕ್ಕೆ ಮಾತ್ರ ಕೊಡಲಿಲ್ಲ. ಇಂಥದೇ ದೋಣಿ ಇಟ್ಟುಕೊಂಡವರು ರಿವೆಟ್, ಬೆಸುಗೆ, ಹಲಗೆಯ ಕೆಲಸವನ್ನು ವಾಹನದ ಬಾಡಿ ಕಟ್ಟುವವರಿಗೆ ಧಾರಾಳವಾಗಿ ಕೊಡಬಹುದು. ವೈರಿಂಗನ್ನೂ ಅವರಿಗೇ ಕೊಡುವುದಾದರೆ, ಮೈಗೆ ಅರ್ತ್ ಬೇಡ, ಎಲ್ಲಕ್ಕೂ ಜೋಡಿ ತಂತಿ, ಬ್ಯಾಟರಿಯ ಬಳಿ ಫ್ಯೂಸು ಎಂಬುದನ್ನು ಮುಂಗಡ ಕೊಡುವ ಮೊದಲೇ ಕೊಟೇಶನ್ನಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.